ಗ್ಯಾರಂಟಿಗೆ ಬಜೆಟ್‌ನಲ್ಲಿ ದುಡ್ಡಿದೆ, ಪಂಚಾಯಿತಿ ನೆಟ್ ರಿಪೇರಿಗೆ ಯಾರನ್ನು ಕೇಳಬೇಕು?

ಮೆಕ್ಕೆಜೋಳ_ಜಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲೂಕಿನ ಒಂದು ಹಳ್ಳಿ. ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿ ಈಗ ಊರಲ್ಲೇ ಇದ್ದೇನೆ, ಅಪ್ಪ ಅಮ್ಮನ ಜೊತೆ ಹೊಲದ ಕೆಲಸ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಶುರುವಾಗುತ್ತವೆ, ಅಲ್ಲಿ ನೆಟ್ ವಿಷಯ ಎತ್ತಬೇಕು ಅಂತಿದ್ದೇನೆ. ಆದರೆ ನಮ್ಮಲ್ಲಿ ಹುಡುಗಿ ಎದ್ದು ನಿಂತು ಮಾತಾಡಿದರೆ ಮೊದಲ ತಪ್ಪಿಗೇ ಕೂರಿಸಿಬಿಡುತ್ತಾರೆ. ಹಾಗಾಗಿ ಸರಿಯಾಗಿ ತಿಳಿದುಕೊಂಡೇ ಹೋಗಬೇಕು.

ಆಗಿದ್ದು ಇಷ್ಟು. ಅಮ್ಮನಿಗೆ ಎರಡು ಕಂತು ಗೃಹಲಕ್ಷ್ಮಿ ಹಣ ಬರಲಿಲ್ಲ. ಪಕ್ಕದ ಮನೆಯವರಿಗೆ ಬಂದಿದೆ, ನಮಗಿಲ್ಲ. ಯಾಕೆ ಅಂತ ನೋಡಿಸೋಣ ಅಂದರೆ ಪಂಚಾಯಿತಿಯಲ್ಲಿ ನೆಟ್ ಇಲ್ಲ. ನೀರಿನ ಪೈಪ್ ಹಾಕಲು ರಸ್ತೆ ಬದಿ ಅಗೆದಾಗ ಕೇಬಲ್ ತುಂಡಾಗಿದೆ, ಮೇಲಿನವರಿಗೆ ಹೇಳಿದ್ದೇವೆ ಅಂದರು. ಹನ್ನೊಂದು ದಿನ ಹೀಗೇ ಹೋಯಿತು. ಮೊಬೈಲ್‌ನಲ್ಲಿ ನೋಡೋಣ ಅಂದರೆ ನೀರಿನ ಟ್ಯಾಂಕ್ ಹತ್ತಿರ ಹೋದರೆ ಮಾತ್ರ ಎರಡು ಕಡ್ಡಿ ಸಿಗ್ನಲ್, ಒಟಿಪಿ ಬರುವಷ್ಟರಲ್ಲಿ ಪುಟ ಮುಚ್ಚಿಹೋಗುತ್ತದೆ. ಕೊನೆಗೆ ಅಮ್ಮ ಕೂಲಿ ಬಿಟ್ಟು ನನ್ನ ಜೊತೆ ಜಗಳೂರಿಗೆ ಬಂದರು. ಶಕ್ತಿ ಇರುವುದರಿಂದ ಬಸ್ಸಿಗೆ ದುಡ್ಡು ಬೀಳಲಿಲ್ಲ, ಆದರೆ ದಿನ ಹೋಯಿತು. ಅಲ್ಲಿ ನೋಡಿದರೆ ಹಣ ನಿಂತೇ ಇರಲಿಲ್ಲ! ಹೊಸ ಸಿಮ್ ತಗೊಂಡಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಪೇಮೆಂಟ್ ಬ್ಯಾಂಕ್ ಖಾತೆ ತೆರೆದಿದ್ದ. ಆಧಾರ್ ಆ ಖಾತೆಗೆ ಜೋಡಣೆಯಾಗಿ ಎರಡೂ ಕಂತು ಅಲ್ಲಿ ಬಿದ್ದಿದ್ದವು.

ನಾಲ್ಕು ಸಾವಿರ ಸರ್ಕಾರದಿಂದ ಹೊರಟಿತ್ತು, ನಮ್ಮ ಅಮ್ಮನ ಹೆಸರಲ್ಲೇ ಇತ್ತು, ಎರಡು ತಿಂಗಳು ನಮಗೆ ಗೊತ್ತಾಗಲಿಲ್ಲ. ನೆಟ್ ಇದ್ದಿದ್ದರೆ ಐದು ನಿಮಿಷದ ಕೆಲಸ. ಈ ನಡುವೆ ಅಮ್ಮ ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸಿದರು, ಅದು ನನಗೆ ತುಂಬಾ ಬೇಜಾರಾಗಿದ್ದು.

ಈಗ ನನ್ನ ಪ್ರಶ್ನೆ. ಪಂಚಾಯಿತಿಗೆ ಬರುವ ಕೇಬಲ್ ಯಾರದ್ದು? ಅದು ತುಂಡಾದರೆ ಯಾರು ಸರಿ ಮಾಡಬೇಕು, ಯಾವ ದುಡ್ಡಿನಲ್ಲಿ? ಗ್ರಾಮಸಭೆಯಲ್ಲಿ ಇದಕ್ಕೆ ಹಣ ಇಡಿ ಅಂತ ಕೇಳಬಹುದಾ? ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಎರಡು ಫೋನ್. 28 ದಿನಕ್ಕೆ ಒಂದಕ್ಕೆ ಸುಮಾರು 300 ರೂಪಾಯಿ ರೀಚಾರ್ಜ್. ಅಮ್ಮನಿಗೆ ಬರುವ ಎರಡು ಸಾವಿರದಲ್ಲಿ ಆರುನೂರು ಅಲ್ಲಿಗೇ ಹೋಗುತ್ತದೆ. ಇದನ್ನು ಯಾರಾದರೂ ಲೆಕ್ಕ ಹಾಕಿದ್ದಾರಾ?

ಗ್ರಾಮ_ಒನ್_ಹೊನ್ನಾಳಿ

ತಂಗಿ, ಅಮ್ಮನಿಗೆ ಆದದ್ದು ನನ್ನ ಹತ್ತಿರ ವಾರಕ್ಕೆ ಮೂರು ನಾಲ್ಕು ಬರುತ್ತದೆ. ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಆಧಾರ್ ಕೊನೆಯ ಸಲ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಇದನ್ನು ಎನ್‌ಪಿಸಿಐ ಮ್ಯಾಪಿಂಗ್ ಅನ್ನುತ್ತಾರೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಒಟಿಪಿ ಹಾಕಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ಬದಲಾಯಿಸಬೇಕಿದ್ದರೆ ನಿಮಗೆ ಬೇಕಾದ ಬ್ಯಾಂಕಿಗೇ ಹೋಗಿ ಆಧಾರ್ ಜೋಡಣೆ ಅರ್ಜಿ ಕೊಡಬೇಕು. ಹೊಸ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಎಷ್ಟು ಸಲ ಒತ್ತಿಸುತ್ತಾರೆ ಅಂತ ದಯವಿಟ್ಟು ಎಣಿಸಿ. ಇದನ್ನು ನಿಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲೂ ಹೇಳಿ.

ಗ್ರಾಮ ಒನ್ ಅಂದರೆ ಹಳ್ಳಿಯಲ್ಲೇ ಸರ್ಕಾರಿ ಸೇವೆ ಕೊಡುವ ಕೇಂದ್ರ, ನಾನು ಒಂದನ್ನು ನಡೆಸುತ್ತೇನೆ. ಅದು 2020ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದೇ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ, ಆಮೇಲೆ ಬೇರೆ ಜಿಲ್ಲೆಗಳಿಗೆ ಹೋಯಿತು. ನಾನು ಖಾಸಗಿ ನೆಟ್ ಹಾಕಿಸಿಕೊಂಡಿದ್ದೇನೆ, ಅದು ಹೋದರೆ ಇರಲಿ ಅಂತ ಬೇರೆ ಕಂಪನಿಯ ಸಿಮ್ ಒಂದು. ಎರಡಕ್ಕೂ ನನ್ನದೇ ದುಡ್ಡು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಹಗಲು ಸರ್ವರ್ ಎಳೆಯುತ್ತಿರಲಿಲ್ಲ. ರಾತ್ರಿ ಹತ್ತರ ಮೇಲೆ ಮಾಡುತ್ತಿದ್ದೆ, ಅಜ್ಜಿಯರು ಕಟ್ಟೆ ಮೇಲೆ ಕಂಬಳಿ ಹೊದ್ದು ಕಾಯುತ್ತಿದ್ದರು. ಅದು ಈಗಲೂ ಕಣ್ಣ ಮುಂದೆ ಇದೆ.

ಪಂಚಾಯಿತಿಯಲ್ಲಿರುವ ಬಾಪೂಜಿ ಸೇವಾ ಕೇಂದ್ರ ಬೇರೆ, ನಮ್ಮದು ಬೇರೆ. ಅವರು ಪಂಚಾಯಿತಿ ನೆಟ್ ಮೇಲೇ ಇರುತ್ತಾರೆ. ಆ ನೆಟ್ ಹೋದರೆ ಗೃಹಲಕ್ಷ್ಮಿ ಅಷ್ಟೇ ಅಲ್ಲ, ಇ-ಸ್ವತ್ತು (ಆಸ್ತಿ ದಾಖಲೆ), ಕಂದಾಯ ರಸೀದಿ ಎಲ್ಲಾ ನಿಲ್ಲುತ್ತದೆ.

ಪಿಬಿ_ರಸ್ತೆ

ನಾನು ದಾವಣಗೆರೆಯಲ್ಲಿ ವ್ಯಾಪಾರ ಮಾಡುವವನು. ಅಕ್ಕನವರ ಕಷ್ಟ ಅರ್ಥವಾಗುತ್ತದೆ, ಆದರೆ ಮೂಲ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ 51,034 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ. ಇಡೀ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಇಟ್ಟಿದ್ದು 26,735 ಕೋಟಿ. ಒಂದು ಯೋಜನೆ ಒಂದು ಇಲಾಖೆಗಿಂತ ದೊಡ್ಡದಾಗಿದೆ. ವರಮಾನ ಕೊರತೆ 19,262 ಕೋಟಿ ಅಂತ ಬಜೆಟ್‌ನಲ್ಲೇ ಒಪ್ಪಿಕೊಂಡಿದ್ದಾರೆ. ಅಂದರೆ ದಿನದ ಖರ್ಚಿಗೂ ಸಾಲ ಮಾಡುತ್ತಿದ್ದೇವೆ.

ಮನೆಯಲ್ಲಿ ಸಾಲ ಮಾಡಿ ಬೋರ್ ಹಾಕಿಸಿದರೆ ನಾಳೆ ನೀರು ಬರುತ್ತದೆ, ಸಾಲ ಮಾಡಿ ಸಂತೆ ಮಾಡಿದರೆ? ನೆಟ್, ರಸ್ತೆ, ಕೆರೆ ಇವಕ್ಕೆ ದುಡ್ಡು ಇಲ್ಲದಿರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ. ಬಡವರಿಗೆ ಕೊಡಬೇಡಿ ಅನ್ನುತ್ತಿಲ್ಲ. ಉಳ್ಳವರ ಮನೆಗೂ ಹೋಗುವುದನ್ನು ನಿಲ್ಲಿಸಿ, ಆ ದುಡ್ಡನ್ನು ಹಳ್ಳಿಗೆ ಶಾಶ್ವತವಾಗಿ ಉಳಿಯುವ ಕೆಲಸಕ್ಕೆ ಹಾಕಿ ಅನ್ನುತ್ತಿದ್ದೇನೆ.

ಅಂಗಳ_ಚಳ್ಳಕೆರೆ

ಸರ್, ನಿಮ್ಮ ಲೆಕ್ಕ ಸರಿ ಇರಬಹುದು, ಆದರೆ ಒಂದು ಮಾತು ಕೇಳುತ್ತೇನೆ. 2023ಕ್ಕೆ ಮುಂಚೆ ಗ್ಯಾರಂಟಿ ಇರಲಿಲ್ಲ. ಆಗ ನಮ್ಮ ಹಳ್ಳಿಯಲ್ಲಿ ನೆಟ್ ಇತ್ತಾ? ಇರಲಿಲ್ಲ. ಗೃಹಲಕ್ಷ್ಮಿ ನಿಲ್ಲಿಸಿದರೆ ಆ ದುಡ್ಡು ನಮ್ಮೂರ ಕೇಬಲ್‌ಗೆ ಬರುತ್ತದೆ ಅಂತ ಯಾರು ಹೇಳಿದ್ದು?

ನಾನು ಅಂಗನವಾಡಿ ಕಾರ್ಯಕರ್ತೆ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ಹಾಜರಿ, ತೂಕ, ಎತ್ತರ ಎಲ್ಲಾ ಹಾಕಬೇಕು. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೂ ಮುಖ ಗುರುತು ಕಡ್ಡಾಯ ಮಾಡಿದ್ದಾರೆ. ಬಾಣಂತಿ ಬಂದು ನಿಂತಿರುತ್ತಾಳೆ, ಕೈಯಲ್ಲಿ ಕೂಸು. ನಾನು ಫೋನ್ ಅವಳ ಮುಖಕ್ಕೆ ಹಿಡಿದುಕೊಂಡು ಕಣ್ಣು ಮಿಟುಕಿಸಮ್ಮ ಅನ್ನುತ್ತೇನೆ, ಅದು ಸುತ್ತುತ್ತಲೇ ಇರುತ್ತದೆ. ಬಿಸಿಲಿಗೆ ಹೊರಗೆ ಬಾ, ಇಲ್ಲಿ ಸಿಗ್ನಲ್ ಇದೆ ಅನ್ನುತ್ತೇನೆ. ಹೊರಗೂ ಆಗದಿದ್ದರೆ ನಾಳೆ ಬಾ ಅನ್ನಬೇಕು. ಹೆರಿಗೆಯಾಗಿ ತಿಂಗಳಾಗದವಳಿಗೆ ನಾಳೆ ಬಾ ಅನ್ನಲು ನನಗೆ ಬಾಯಿ ಬರುವುದಿಲ್ಲ. ಎಷ್ಟೋ ಸಲ ನಾನೇ ಸಂಜೆ ಅವರ ಮನೆಗೆ ಹೋಗಿದ್ದೇನೆ.

ನಮ್ಮ ತಾಲೂಕಿನಲ್ಲೇ ಅಮೃತಮಹಲ್ ಕಾವಲಿನ (ದನ ಮೇಯುವ ಹುಲ್ಲುಗಾವಲಿನ) ಜಾಗವನ್ನು ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್‌ನಂಥ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಿದ್ದಾರೆ. ದೇಶಕ್ಕೆ ಬೇಕು, ಒಪ್ಪೋಣ. ಅಲ್ಲಿಗೆ ತಂತಿ ಹೋಗುತ್ತದೆ ಅಂದರೆ ಸುತ್ತಲಿನ ಹಳ್ಳಿಯ ಅಂಗನವಾಡಿಗೂ ಹೋಗಬಹುದು ಅಲ್ವಾ?

ಆ ಎರಡು ಸಾವಿರದ ವಿಷಯ. ನಮ್ಮ ಕಡೆ ಶೇಂಗಾ ಕೈಕೊಟ್ಟ ವರ್ಷ ಹೆಂಗಸರ ಕೈಯಲ್ಲಿ ಓಡಾಡಿದ ದುಡ್ಡು ಅದೊಂದೇ. ಉಳ್ಳವರಿಗೆ ಹೋಗುತ್ತಿದ್ದರೆ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ತೆಗೆಯುವಾಗಲೂ ಅದೇ ಆ್ಯಪ್, ಅದೇ ಇ-ಕೆವೈಸಿ. ನೆಟ್ ಇಲ್ಲದ ಊರಿನ ಬಡವಳ ಹೆಸರೇ ಮೊದಲು ಹೋಗುತ್ತದೆ, ಅದು ನನ್ನ ಭಯ.

ನಿವೃತ್ತ_ಲೆಕ್ಕಿಗ_ಹೊಸದುರ್ಗ

ಪಂಚಾಯಿತಿ ಲೆಕ್ಕಪತ್ರದಲ್ಲೇ ನನ್ನ ಆಯುಷ್ಯ ಕಳೆದಿದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಪಿಬಿ ರಸ್ತೆಯವರಿಗೆ. ನಿಮ್ಮ ಅಂಕಿಗಳು ಸರಿ. ಆದರೆ ಆ ದುಡ್ಡಿಗೂ ಈ ಕೇಬಲ್‌ಗೂ ನೇರ ಸಂಬಂಧ ಇಲ್ಲ. ದೂರಸಂಪರ್ಕ ಸಂವಿಧಾನದ ಪ್ರಕಾರ ಕೇಂದ್ರದ ವಿಷಯ. ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಅದರ ದುಡ್ಡು ರಾಜ್ಯದ ಬಜೆಟ್‌ನಿಂದ ಬರುವುದಿಲ್ಲ. ಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ ಶೇ 5ರಷ್ಟನ್ನು ಒಂದು ನಿಧಿಗೆ ಕಟ್ಟುತ್ತವೆ. ಮೊದಲು ಯುಎಸ್ಒ ನಿಧಿ ಅನ್ನುತ್ತಿದ್ದರು, ಈಗ ಡಿಜಿಟಲ್ ಭಾರತ್ ನಿಧಿ. ಅಂದರೆ ಜಗಳೂರಿನ ಮಗಳು ಕೇಳಿದ ರೀಚಾರ್ಜ್ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನೀವು ಕಟ್ಟುವ ರೀಚಾರ್ಜ್‌ನ ಒಂದು ಪಾಲು ಹಳ್ಳಿಗೆ ನೆಟ್ ಕೊಡಲೆಂದೇ ಆ ನಿಧಿಗೆ ಹೋಗುತ್ತಿದೆ. ಅದು ನಿಮ್ಮ ದುಡ್ಡೇ. ಧೈರ್ಯವಾಗಿ ಕೇಳಿ ತಾಯಿ. 2023ರ ಆಗಸ್ಟ್‌ನಲ್ಲಿ ಭಾರತ್‌ನೆಟ್‌ನ ತಿದ್ದುಪಡಿ ಯೋಜನೆಗೆ ಸುಮಾರು 1.39 ಲಕ್ಷ ಕೋಟಿಗೆ ಒಪ್ಪಿಗೆ ಸಿಕ್ಕಿದೆ, ಅದರಲ್ಲಿ ಹತ್ತು ವರ್ಷದ ನಿರ್ವಹಣೆಯೂ ಸೇರಿದೆ.

ಹಾಗಾದರೆ ರಾಜ್ಯಕ್ಕೂ ಪಂಚಾಯಿತಿಗೂ ಏನೂ ಕೆಲಸ ಇಲ್ಲವಾ? ಇದೆ, ಅದೇ ಮುಖ್ಯ. ಕೇಬಲ್ ಕಡಿದವರು ಯಾರು? ಪೈಪ್ ಹಾಕಿದವರು. ಪೈಪ್ ಹಾಕಲು ರಸ್ತೆ ಬದಿ ಅಗೆಯಲು ಬಿಟ್ಟವರು ಯಾರು? ಪಂಚಾಯಿತಿ, ಇಲ್ಲವೇ ಆ ರಸ್ತೆಯ ಇಲಾಖೆ. ಅನುಮತಿ ಕೊಡುವಾಗಲೇ ಕಾರ್ಯಾದೇಶದಲ್ಲಿ ಒಂದು ಸಾಲು ಹಾಕಬೇಕು: ಕೇಬಲ್‌ಗೆ ಹಾನಿಯಾದರೆ ಗುತ್ತಿಗೆದಾರ ಇಷ್ಟು ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿ ಮಾಡಿಸಬೇಕು, ಅಲ್ಲಿಯವರೆಗೆ ಬಿಲ್ ಪಾವತಿ ಇಲ್ಲ. ಈ ಒಂದು ಸಾಲು ಇದ್ದಿದ್ದರೆ ನಿಮ್ಮ ಹನ್ನೊಂದು ದಿನ ಎರಡು ದಿನಕ್ಕೆ ಇಳಿಯುತ್ತಿತ್ತು. ಬಿಲ್ ತಡೆದರೆ ಗುತ್ತಿಗೆದಾರ ಓಡಿ ಬರುತ್ತಾನೆ, ಅದನ್ನು ಸರ್ವೀಸಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಹಣ. 2025-26ರವರೆಗೆ ಪಂಚಾಯಿತಿಗೆ ಇದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ. ಉಳಿದ ಶೇ 40 ಮುಕ್ತ ನಿಧಿ, ಊರಿನ ಅಗತ್ಯಕ್ಕೆ ಬಳಸಬಹುದಿತ್ತು. ಆದರೆ ಸಂಬಳ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಈಗಿನ ಪಾಲು ಎಷ್ಟು ಅಂತ ಪಂಚಾಯಿತಿಯಲ್ಲೇ ಕೇಳಿಕೊಳ್ಳಿ. ತಿಂಗಳ ನೆಟ್ ಬಿಲ್ ಇಂಥ ಅನುದಾನದಲ್ಲಿ ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರಬಹುದು. ಹಾಗಾಗಿ ಕಚೇರಿಗೆ ಅಂತ ಕೇಳಬೇಡಿ, ಗ್ರಂಥಾಲಯಕ್ಕೆ ಅಂತ ಕೇಳಿ. ಗ್ರಂಥಾಲಯ ಸಂವಿಧಾನದಲ್ಲಿ ಪಂಚಾಯಿತಿಗೆ ಅಂತ ಹೇಳಿರುವ 29 ವಿಷಯಗಳಲ್ಲಿ ಒಂದು. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತೇವೆ. ಅಲ್ಲಿಗೆ ಬ್ಯಾಟರಿ, ಕಂಪ್ಯೂಟರ್, ವೈರಿಂಗ್ ಅಂತ ಕ್ರಿಯಾ ಯೋಜನೆಯಲ್ಲಿ ಸೇರಿಸಿದರೆ ಓದುವ ಮಕ್ಕಳಿಗೂ ಆಯಿತು, ನಿಮ್ಮ ಅಮ್ಮನಿಗೂ ಆಯಿತು.

ಮನೆ ಕಂದಾಯದ ರಸೀದಿ ತೆಗೆದು ನೋಡಿ. ಕಂದಾಯದ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಗ್ರಂಥಾಲಯ ಕರ ಎಷ್ಟು ಜಮಾ ಆಯಿತು, ಎಲ್ಲಿಗೆ ಹೋಯಿತು ಅಂತ ಸಭೆಯಲ್ಲಿ ಕೇಳಿ. ಬಾಯಲ್ಲಿ ಹೇಳಿ ಬಿಡಬೇಡಿ. ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಪಂಚಾಯಿತಿ ಯಾವುದಕ್ಕೆ ಎಷ್ಟು ಪಾವತಿ ಮಾಡಿದೆ ಅಂತ ಇ-ಗ್ರಾಮ್ ಸ್ವರಾಜ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಬಿ.ಕಾಂ ಓದಿದ್ದೀರಿ, ಅರ್ಧ ಗಂಟೆ ಕೂತರೆ ನಿಮಗೇ ತಿಳಿಯುತ್ತದೆ.

ಸ್ಪ್ಲೈಸಿಂಗ್_ಹುಡುಗ

ಕೇಬಲ್ ಜೋಡಿಸುವುದು ನನ್ನ ಕೆಲಸ, ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆ ಓಡಾಡುತ್ತೇನೆ. ಲೆಕ್ಕಿಗ ಸರ್ ಹೇಳದೇ ಬಿಟ್ಟದ್ದನ್ನು ಹೇಳುತ್ತೇನೆ.

ನಮ್ಮ ರಾಜ್ಯದ ಪಂಚಾಯಿತಿಗಳಿಗೆ ಹೆಚ್ಚಾಗಿ ಮೊದಲ ಹಂತದಲ್ಲೇ ಕೇಬಲ್ ಬಂತು. ಆಗ ತಾಲೂಕಿನಿಂದ ಪಂಚಾಯಿತಿಗೆ ಒಂದೇ ದಾರಿ. ಮರದ ಕೊಂಬೆ ಇದ್ದ ಹಾಗೆ, ಬುಡದಲ್ಲಿ ಕಡಿದರೆ ಅದರಾಚೆಗಿರುವ ಅಷ್ಟೂ ಪಂಚಾಯಿತಿ ಕತ್ತಲು. ಅದರಲ್ಲೂ ಎಷ್ಟೋ ಕಡೆ ಹಳೆಯ ಕೇಬಲ್‌ಗೆ ಹೊಸ ತುಂಡು ಸೇರಿಸಿಕೊಂಡು ಹೋಗಿದ್ದರು. ತಿದ್ದುಪಡಿ ಯೋಜನೆಯಲ್ಲಿ ಉಂಗುರದ ಹಾಗೆ ಸುತ್ತು ಹಾಕುತ್ತಾರೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಹಾಗಾಗಿ ನೀವು ಸಭೆಯಲ್ಲಿ ನಮ್ಮ ಪಂಚಾಯಿತಿ ಉಂಗುರಕ್ಕೆ ಸೇರಿದೆಯಾ, ಯಾವಾಗ ಸೇರುತ್ತದೆ ಅಂತ ಕೇಳಿ. ಈ ಪ್ರಶ್ನೆ ಕೇಳಿದವರಿಗೆ ವಿಷಯ ಗೊತ್ತಿದೆ ಅಂತ ಅರ್ಥವಾಗುತ್ತದೆ, ಯಾರೂ ಕೂರಿಸುವುದಿಲ್ಲ.

ಇನ್ನೊಂದು. ಎಷ್ಟೋ ಸಲ ಕೇಬಲ್ ಚೆನ್ನಾಗಿಯೇ ಇರುತ್ತದೆ, ಪಂಚಾಯಿತಿಯೊಳಗಿನ ಡಬ್ಬಕ್ಕೆ ಕರೆಂಟ್ ಇರುವುದಿಲ್ಲ. ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ಯಾರೋ ಪ್ಲಗ್ ತೆಗೆದು ಫೋನ್ ಚಾರ್ಜಿಗೆ ಹಾಕಿರುತ್ತಾರೆ. ನಾನು 60 ಕಿಲೋಮೀಟರ್ ಬೈಕಿನಲ್ಲಿ ಹೋಗಿ ಪ್ಲಗ್ ಹಾಕಿ ಬಂದದ್ದಿದೆ. ಡಬ್ಬದ ದೀಪ ಹಸಿರಾ, ಕೆಂಪಾ, ಆರಿದೆಯಾ ಅಂತ ಒಂದು ಫೋಟೋ ಕಳಿಸಿದರೆ ನಮ್ಮಂಥವರಿಗೆ ಅರ್ಧ ಕೆಲಸ ಮುಗಿದ ಹಾಗೆ. ನೀರುಗಂಟಿಗೋ ಗ್ರಂಥಪಾಲಕರಿಗೋ ಇಷ್ಟು ಹೇಳಿಕೊಟ್ಟರೆ ಸಾಕು.

ಅಗೆಯುವ ಮುಂಚೆ ತಿಳಿಸಲು ಕಾಲ್ ಬಿಫೋರ್ ಯು ಡಿಗ್ ಅಂತ ಆ್ಯಪ್ 2023ರಲ್ಲೇ ಬಂದಿದೆ. ಎಲ್ಲಿ ಅಗೆಯುತ್ತೇವೆ ಅಂತ ಅದರಲ್ಲಿ ಹಾಕಿದರೆ ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತದೆ. ಜೆಸಿಬಿ ಓಡಿಸುವ ಅಣ್ಣಂದಿರಿಗೆ ಇದನ್ನು ಯಾರೂ ಹೇಳಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ, ಅವರಿಗೆ ಗುರುತು ಹಾಕಿದ ಜಾಗ ಅಗೆಯುವುದಷ್ಟೇ ಗೊತ್ತು.

ಪಿಬಿ_ರಸ್ತೆ

ಲೆಕ್ಕಿಗ ಸರ್, ಕೇಬಲ್ ದುಡ್ಡು ಬೇರೆ ನಿಧಿ ಅನ್ನುವುದು ನನಗೆ ತಿಳಿದಿರಲಿಲ್ಲ. ಒಪ್ಪಿಕೊಂಡೆ. ಚಳ್ಳಕೆರೆ ಅಕ್ಕ ಹೇಳಿದ ಹೆಸರು ತೆಗೆಯುವ ವಿಷಯವೂ ನಾನು ಯೋಚಿಸದೆ ಇದ್ದದ್ದು.

ಆದರೂ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ಕೇರಳ ಕೆ-ಫೋನ್ ಅಂತ ತನ್ನದೇ ಜಾಲ ಮಾಡಿಕೊಂಡು 2023ರ ಜೂನ್‌ನಲ್ಲಿ ಉದ್ಘಾಟನೆ ಮಾಡಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೇ ಕೇಬಲ್ ಎಳೆದರು, ನೆಲ ಅಗೆಯುವ ಗೋಜೇ ಕಡಿಮೆ. ಬಡವರ ಮನೆಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡರು. ಗುರಿ ಪೂರ್ತಿ ಮುಟ್ಟಲು ಅವರಿಗೂ ತಡವಾಗಿದೆ, ಅದು ನಿಜ. ನಮ್ಮಲ್ಲೂ ಬೆಸ್ಕಾಂ ಕಂಬ ಇಲ್ಲದ ಹಳ್ಳಿ ಯಾವುದಿದೆ? ನಮ್ಮ 2025-26ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ, ಅಂದರೆ ಉಳಿಯುವ ಕೆಲಸಗಳಿಗೆ, 71,336 ಕೋಟಿ ಇಟ್ಟಿದ್ದರು. ಅಂಥ ವೆಚ್ಚದಲ್ಲಿ ಇದಕ್ಕೊಂದು ಪಾಲು ಇಡಿ ಅಂತ ನಮ್ಮ ಶಾಸಕರನ್ನು ಕೇಳುವುದು ತಪ್ಪಲ್ಲ ಅಲ್ವಾ?

ನಿವೃತ್ತ_ಲೆಕ್ಕಿಗ_ಹೊಸದುರ್ಗ

ಖಂಡಿತ ತಪ್ಪಲ್ಲ. ಕಂಬದ ಮೇಲೆ ಎಳೆದರೆ ಗಾಳಿ ಮಳೆಗೆ ಬೀಳುವ ಕಾಟ ಇದೆ, ಆದರೆ ಎಲ್ಲಿ ತುಂಡಾಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಬಂಡವಾಳ ವೆಚ್ಚದಲ್ಲಿ ಎಳೆದದ್ದನ್ನು ಕಾಯಲು ಪ್ರತಿ ವರ್ಷ ನಿರ್ವಹಣೆಯ ದುಡ್ಡು ಬೇಕು. ಟ್ಯಾಂಕ್ ಕಟ್ಟಿ ಮೋಟರ್ ರಿಪೇರಿಗೆ ಹಣ ಇಡದ ಪಂಚಾಯಿತಿಗಳನ್ನು ತುಂಬಾ ನೋಡಿದ್ದೇನೆ. ಕೇಳುವಾಗ ಎರಡನ್ನೂ ಒಟ್ಟಿಗೇ ಕೇಳಿ.

ಮೆಕ್ಕೆಜೋಳ_ಜಗಳೂರು

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ತಿಳಿಯುತ್ತದೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ರಾತ್ರಿ ಅಪ್ಪನ ಟ್ರಂಕಿನಿಂದ ಕಂದಾಯ ರಸೀದಿ ತೆಗೆದೆ. ನಮ್ಮ ಮನೆಗೆ ಕಂದಾಯ 600, ಗ್ರಂಥಾಲಯ ಕರ 36 ರೂಪಾಯಿ. ಪ್ರತಿ ವರ್ಷ ಕಟ್ಟಿದ್ದೇವೆ. ಪಂಚಾಯಿತಿಯಲ್ಲಿ ಸಾವಿರ ಮನೆ ಹಿಡಿದರೂ, ಎಲ್ಲರದ್ದೂ ನಮ್ಮಷ್ಟೇ ಇದ್ದರೆ, 36 ಸಾವಿರ ಆಗುತ್ತದೆ. ನಮ್ಮ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಮೇಲೆ ಬಟ್ಟೆ ಹೊದಿಸಿದ್ದಾರೆ. ಅಪ್ಪ ರಸೀದಿಯನ್ನು ತುಂಬಾ ಹೊತ್ತು ನೋಡಿದರು, ಇಷ್ಟು ವರ್ಷ ನಾನು ಇದನ್ನು ಓದಿಯೇ ಇರಲಿಲ್ಲ ಅಂದರು.

ಬೆಳಿಗ್ಗೆ ಪಂಚಾಯಿತಿಗೆ ಹೋಗಿ ಆ ಡಬ್ಬ ನೋಡಿಕೊಂಡು ಬಂದೆ. ಹಸಿರು ದೀಪ ಇದೆ, ಬ್ಯಾಟರಿ ಮಾತ್ರ ಊದಿಕೊಂಡಿದೆ. ಕರೆಂಟ್ ಹೋದರೆ ನೆಟ್ ಹೋಗುವುದು ಯಾಕೆ ಅಂತ ಈಗ ತಿಳಿಯಿತು. ಫೋಟೋ ತೆಗೆದಿದ್ದೇನೆ. ಸಭೆಗೆ ಕೊಡುವ ಅರ್ಜಿಯಲ್ಲಿ ಬ್ಯಾಟರಿ, ಅಗೆಯುವ ಕಾರ್ಯಾದೇಶದಲ್ಲಿ ಆ ಒಂದು ಸಾಲು, ಗ್ರಂಥಾಲಯ ಕರದ ಲೆಕ್ಕ ಮತ್ತು ಉಂಗುರದ ಪ್ರಶ್ನೆ, ಇಷ್ಟನ್ನು ಬರೆದಿದ್ದೇನೆ. ಅಮ್ಮನ ಸ್ತ್ರೀಶಕ್ತಿ ಸಂಘದ ಹದಿನೆಂಟು ಜನ ಸಹಿ ಹಾಕಿದ್ದಾರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಪ್ರತಿಯೊಬ್ಬರಿಗೂ ಪೂರ್ತಿ ಓದಿ ಹೇಳಿದ ಮೇಲೆಯೇ ಒತ್ತಿಸಿಕೊಂಡೆ.